ಮಲ್ಲಿಗೆಯ ಘಮದಲ್ಲಿ ಒಂದೇ ಒಂದು ಪರಮಾಣು ಬದಲಿಸಿದರೆ?

ಒಂದು ಮೊಳ ಮಲ್ಲಿಗೆ ತನ್ನಿ. ಮೂಗಿನ ಹತ್ತಿರ ಹಿಡಿಯಿರಿ. ಕಣ್ಣು ಮುಚ್ಚಿ ಉಸಿರೆಳೆಯಿರಿ.

ಬಂತೇ ಘಮ?

ಈಗ ಹೇಳಿ, ಆ ಘಮದೊಳಗೆ ಏನೇನು ಅಡಗಿದೆ? ಜೀನ್ಸ್ ಪ್ಯಾಂಟಿನ ನೀಲಿ ಅಡಗಿದೆ ಎಂದರೆ ನಂಬುತ್ತೀರಾ? ನಿಮ್ಮ ರಾತ್ರಿಯ ನಿದ್ದೆ? ಕ್ಯಾನ್ಸರಿನ ಮಾತ್ರೆ? ಕ್ಷಯವನ್ನು ಮಣಿಸಲು ಬೆಂಗಳೂರಿನಲ್ಲೇ ಹುಟ್ಟಿದ ಒಂದು ಹೊಸ ಮದ್ದು?

ಈಗಲೇ ನಂಬಬೇಡಿ. ನನ್ನ ಜೊತೆ ನಾಲ್ಕು ಹೆಜ್ಜೆ ಬನ್ನಿ, ಸಾಕು!

ನಾನು ನಿಂತಿರುವುದು ಪುಣೆಯ ಬಿಬವೇವಾಡಿಯಲ್ಲಿ. ಮಗ್ಗುಲಲ್ಲೇ ಮಾರ್ಕೆಟ್ ಯಾರ್ಡಿನ ಹೂವಿನ ಸಂತೆ. ಇಲ್ಲಿ ಮಲ್ಲಿಗೆಗೆ ಮೊಗ್ರಾ ಎನ್ನುತ್ತಾರೆ, ಮುಡಿಗೇರಿದರೆ ಅದು ಗಜರಾ. ನಮಗೋ ಹೆಸರಿಗೆ ಬರವೇ ಇಲ್ಲ! ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ. ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ.

ಹೂವು ಯಾವ ಊರಿನದಾದರೇನು, ಮಲ್ಲಿಗೆಯ ಘಮದೊಳಗೆ ಒಂದು ಗುಟ್ಟಿದೆ. ಅದರ ಹೆಸರು ಇಂಡೋಲ್.

ಮಲ್ಲಿಗೆಯ ಎಣ್ಣೆಯಲ್ಲಿ ಇದರ ಪಾಲು ನೂರಕ್ಕೆ ಎರಡೋ ಮೂರೋ. ಅಷ್ಟೇ! ಹಾಗಾದರೆ ಊಹಿಸಿ: ಬರೀ ಇಂಡೋಲನ್ನೇ ಒಂದು ಸೀಸೆಯಲ್ಲಿ ತುಂಬಿಸಿ ಮುಚ್ಚಳ ತೆಗೆದರೆ ಏನಾಗಬಹುದು? ಇಡೀ ಮಲ್ಲಿಗೆ ತೋಟವೇ ಕೋಣೆಗೆ ನುಗ್ಗೀತೇ?

ಇಲ್ಲ! ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತೀರಿ!

ಮಲದ ದುರ್ವಾಸನೆಯಲ್ಲಿ ಇರುವುದೂ ಇದೇ ಇಂಡೋಲ್. ಚಿಟಿಕೆ ಇದ್ದರೆ ಪರಿಮಳ, ಹಿಡಿ ಇದ್ದರೆ ಹೊಲಸು. ವಸ್ತು ಒಂದೇ, ಅಳತೆ ಬೇರೆ! ನಮ್ಮ ಮೂಗು ಎಂಥ ತಕ್ಕಡಿ ನೋಡಿ!

ಇಂಡೋಲ್ ನೋಡಲು ಹೇಗಿದೆ? ನಡುಗೋಡೆ ಹಂಚಿಕೊಂಡ ಎರಡು ಮನೆಗಳನ್ನು ನೆನೆಸಿಕೊಳ್ಳಿ. ಒಂದಕ್ಕೆ ಆರು ಮೂಲೆ, ಇನ್ನೊಂದಕ್ಕೆ ಐದು. ಮೂಲೆಮೂಲೆಯಲ್ಲೂ ಇಂಗಾಲದ ಪರಮಾಣು ಕೂತಿದೆ. ಆದರೆ ಐದು ಮೂಲೆಯ ಮನೆಯಲ್ಲಿ ಒಂದು ಜಾಗದಲ್ಲಿ ಮಾತ್ರ ಹೊರಗಿನ ನೆಂಟನೊಬ್ಬ ಬಂದು ಕೂತಿದ್ದಾನೆ: ಸಾರಜನಕ!

ಹೀಗೆ ಇಂಗಾಲದ ಉಂಗುರದೊಳಗೆ ಬೇರೆ ಪರಮಾಣು ಸೇರಿಕೊಂಡರೆ ಅದನ್ನು ಹೆಟೆರೊಸೈಕ್ಲಿಕ್ ಅಣು ಎನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ. ಬೆರಕೆ ಉಂಗುರ ಎಂದುಕೊಳ್ಳಿ.

ಎಂಟು ಇಂಗಾಲ. ಏಳು ಜಲಜನಕ. ಒಂದು ಸಾರಜನಕ. ಒಟ್ಟು 16 ಪರಮಾಣು. ಮುಗಿಯಿತು, ಇಷ್ಟೇ ಇಂಡೋಲ್!

ಇಷ್ಟು ಪುಟ್ಟದು ಎಲ್ಲೆಲ್ಲಿ ಹೊಕ್ಕಿದೆ ಗೊತ್ತೇ?

ಹಿತ್ತಲಿಗೆ ಹೋಗಿ. ನಿತ್ಯಪುಷ್ಪದ ಗಿಡ ಇದೆಯಲ್ಲ, ವರ್ಷವಿಡೀ ಗುಲಾಬಿ ಬಣ್ಣದ ಹೂ ಬಿಡುವುದು? ಮಕ್ಕಳ ರಕ್ತಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಮದ್ದು ಬಂದದ್ದು ಆ ಗಿಡದಿಂದ. ಅದರೊಳಗೆ ಇಂಡೋಲ್! ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ, ರಕ್ತದ ಒತ್ತಡ ಇಳಿಸುವ ರೆಸರ್ಪಿನ್? ಅಲ್ಲೂ ಇಂಡೋಲ್! ಕಾಸರಕದ ಬೀಜದಲ್ಲಿರುವ ಘೋರ ವಿಷ ಸ್ಟ್ರಿಕ್ನಿನ್? ಅದೂ ಇದೇ ಬಳಗ! ಕಾಸರಗೋಡಿನ ಹೆಸರಿಗೆ ಆ ಮರವೇ ಮೂಲ ಎನ್ನುವವರೂ ಇದ್ದಾರೆ.

ಹಿತ್ತಲು ಬಿಡಿ, ನಿಮ್ಮೊಳಗೇ ನೋಡಿ. ಬೇಳೆ, ಹಾಲು, ಮೊಟ್ಟೆಯಿಂದ ನಮಗೆ ಸಿಗುವ ಟ್ರಿಪ್ಟೊಫಾನ್ ಬೆನ್ನ ಮೇಲೆ ಇಂಡೋಲ್ ಹೊತ್ತುಕೊಂಡೇ ಹೊಟ್ಟೆಗೆ ಬರುತ್ತದೆ. ಅದರಿಂದ ದೇಹ ಸೆರೊಟೋನಿನ್ ಮಾಡಿಕೊಳ್ಳುತ್ತದೆ. ಮನಸ್ಸಿನ ಹದ ಕಾಯುವವರಲ್ಲಿ ಅದೂ ಒಂದು. ಅದರಿಂದಲೇ ಮೆಲಟೋನಿನ್, ಕತ್ತಲಾಯಿತು, ಮಲಗು ಎಂದು ಮೈಗೆ ಹೇಳುವ ದೂತ. ಎರಡರಲ್ಲೂ ಅದೇ ಜೋಡಿ ಉಂಗುರ!

ಮುಡಿಯಲ್ಲಿ ಇಂಡೋಲ್. ಮಿದುಳಿನಲ್ಲಿ ಇಂಡೋಲ್. ತೊಟ್ಟ ಜೀನ್ಸಿನಲ್ಲೂ ಅದೇ!

ಹೌದು, ನೀಲಿ! ನೀಲಿ ಬಣ್ಣದ ಇಂಡಿಗೋ ಎಂದರೆ ಎರಡು ಇಂಡೋಲ್ ಅರ್ಧಗಳು ಬೆನ್ನು ಸೇರಿಸಿ ನಿಂತ ಅಣು. ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ಈ ನೀಲಿಯ ಮರ್ಮ ಹುಡುಕುತ್ತ ಹೋಗಿ 1866ರಲ್ಲಿ ಇಂಡೋಲನ್ನು ಕೈಗೆ ತಂದುಕೊಂಡ. 1905ರಲ್ಲಿ ನೊಬೆಲ್ ಬಂತು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಹೆಸರನ್ನು ಗಟ್ಟಿಯಾಗಿ ಹೇಳಿ. ಇಂಡಿಗೋ. ಇಂಡೋಲ್. ಏನಾದರೂ ಕೇಳಿಸಿತೇ?

ಇಂಡಿಯಾ! ನಮ್ಮ ದೇಶದಿಂದ ಹೋದ ಬಣ್ಣಕ್ಕೆ ಗ್ರೀಕರು ಭಾರತದ್ದು ಎಂಬರ್ಥದ ಹೆಸರಿಟ್ಟರು. ಅದೇ ಇಂಡಿಗೋ ಆಯಿತು, ಇಂಡಿಗೋದಿಂದ ಇಂಡೋಲ್ ಆಯಿತು. ಲೋಕದ ಯಾವ ಲ್ಯಾಬಿನಲ್ಲಿ ಈ ಸೀಸೆ ಇದ್ದರೂ ಅದರ ಮೈಮೇಲೆ ನಮ್ಮ ದೇಶದ ಹೆಸರಿದೆ!

ಬಣ್ಣಕ್ಕೂ ಮದ್ದಿಗೂ ಎಂಥ ನಂಟು ಎನ್ನುತ್ತೀರಾ? ಬಿಬವೇವಾಡಿಯಿಂದ ಊರಿನ ಆಚೆ ತುದಿಗೆ ಹೋದರೆ ಪಾಷಾಣ್. ಅಲ್ಲಿದೆ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, 1950ರ ಜನವರಿಯಲ್ಲಿ ಬಾಗಿಲು ತೆರೆದದ್ದು. ಅದರ ಮೊದಲ ಭಾರತೀಯ ನಿರ್ದೇಶಕ ಕೆ. ವೆಂಕಟರಾಮನ್ ಯಾವ ವಿದ್ಯೆಯಲ್ಲಿ ಪಂಡಿತರು ಹೇಳಿ ನೋಡೋಣ? ಬಣ್ಣಗಳ ರಸಾಯನದಲ್ಲಿ! ಬಣ್ಣ ಕಟ್ಟುವ ಉಂಗುರಗಳ ವಿದ್ಯೆ ಬಲ್ಲವರಿಗೆ ಮದ್ದಿನ ಉಂಗುರಗಳು ಅಪರಿಚಿತವಲ್ಲ.

ಈಗ ಬನ್ನಿ, ಅಸಲು ಆಟಕ್ಕೆ.

ಇಂಡೋಲಿನ ಆರು ಮೂಲೆಯ ಮನೆ ಇದೆಯಲ್ಲ, ಅಲ್ಲಿ ಕೂತ ಒಂದು ಇಂಗಾಲವನ್ನು ಅದರ ಜಲಜನಕದ ಸಮೇತ ಎಬ್ಬಿಸಿ. ಅದೇ ಜಾಗದಲ್ಲಿ ಇನ್ನೊಂದು ಸಾರಜನಕವನ್ನು ಕೂರಿಸಿ. ಒಂದೇ ಒಂದು ಬದಲಾವಣೆ!

ಹುಟ್ಟಿತು ಅಝಾಇಂಡೋಲ್!

ತೂಕ ಎಷ್ಟು ಬದಲಾಯಿತು? ಇಂಡೋಲಿನ ಅಣುತೂಕ 117. ಅಝಾಇಂಡೋಲಿನದು 118. ಬರೀ ಒಂದು! ಪರಮಾಣುಗಳ ಲೆಕ್ಕವೂ 16ರಿಂದ 15ಕ್ಕೆ ಇಳಿಯಿತು, ಅಷ್ಟೇ.

ಅಷ್ಟೇನಾ? ನಿಮಗೊಂದು ಪಂದ್ಯ. ಇಂಡೋಲ್ ಸುಮಾರು 52 ಡಿಗ್ರಿ ಬಿಸಿಗೆ ಬೆಣ್ಣೆಯಂತೆ ಕರಗಿಹೋಗುತ್ತದೆ. ಹೊಸ ಸಾರಜನಕ 7ನೇ ಜಾಗದಲ್ಲಿ ಕೂತ 7-ಅಝಾಇಂಡೋಲ್ ಎಷ್ಟು ಡಿಗ್ರಿಗೆ ಕರಗಬಹುದು? ತೂಕ ಒಂದೇ ಹೆಚ್ಚಿದ್ದು ನೆನಪಿರಲಿ. 53? 55? ಹೋಗಲಿ, 60?

105 ಡಿಗ್ರಿ!

ಹೆಚ್ಚುಕಡಿಮೆ ಎರಡು ಪಟ್ಟು! ನೀರು ಕುದಿಯುವ ಬಿಸಿಯಲ್ಲೂ ಹರಳು ಗಟ್ಟಿಯಾಗಿಯೇ ನಿಲ್ಲುತ್ತದೆ!

ಒಂದು ಪರಮಾಣುವಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಕೈಯಿಂದ! ಇಂಡೋಲಿನ ಸಾರಜನಕದ ಬಳಿ ಕೊಡಲು ಒಂದು ಜಲಜನಕ ಇದೆ. ಕೊಡುವ ಕೈ. ಹೊಸದಾಗಿ ಬಂದು ಕೂತ ಸಾರಜನಕಕ್ಕೆ ಬೇಡುವ ಕೈ ಇದೆ. 7ನೇ ಜಾಗದಲ್ಲಿ ಕೂತರೆ ಎರಡೂ ಕೈ ಅಕ್ಕಪಕ್ಕದಲ್ಲೇ! ಆಗ ಎರಡು ಅಣುಗಳು ಎದುರುಬದುರು ನಿಂತು, ಒಂದರ ಕೈ ಇನ್ನೊಂದು ಹಿಡಿದು, ನಾವು ಚಿಕ್ಕಂದಿನಲ್ಲಿ ಆಡಿದ ಫುಗಡಿಯ ಹಾಗೆ ಬಿಗಿಯಾಗಿ ನಿಲ್ಲುತ್ತವೆ. ಬಿಡಿಸಲು ಬಿಸಿ ಜಾಸ್ತಿ ಬೇಡವೇ?

ಈ ಭಂಗಿ ಎಲ್ಲೋ ನೋಡಿದ ಹಾಗಿದೆಯಲ್ಲ?

ಡಿಎನ್ಎ! ನಮ್ಮ ವಂಶವಾಹಿಯ ಏಣಿಯಲ್ಲಿ ಎರಡು ಬದಿಯ ಬೇಸ್‌ಗಳು ಕೈ ಹಿಡಿಯುವುದೂ ಹೀಗೆಯೇ. ಅದಕ್ಕೇ 1969ರಲ್ಲಿ ಅಮೆರಿಕದ ಮೈಕೆಲ್ ಕಾಶಾ ಮತ್ತು ಜೊತೆಗಾರರು ಈ ಪುಟ್ಟ ಜೋಡಿಯನ್ನೇ ಡಿಎನ್ಎ ಮೆಟ್ಟಿಲಿನ ಮಾದರಿಯಾಗಿ ಹಿಡಿದು ನೋಡಿದರು. ಬೆಳಕು ಬಿದ್ದೊಡನೆ ಎರಡು ಜಲಜನಕದ ಬೀಜಗಳು ಈಚೆಯದು ಆಚೆಗೆ, ಆಚೆಯದು ಈಚೆಗೆ ಜಿಗಿದುಬಿಟ್ಟವು!

ಆ ಜಿಗಿತಕ್ಕೆ ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು? ಸೆಕೆಂಡಿನ ಸಾವಿರದ ಒಂದು ಪಾಲು? ಕೋಟಿಯ ಒಂದು ಪಾಲು? ಇನ್ನೂ ಕೆಳಗೆ ಬನ್ನಿ! 1995ರಲ್ಲಿ ಅಹ್ಮದ್ ಝೆವೈಲ್ ಅವರ ತಂಡ ಅದನ್ನು ಅಳೆದೇಬಿಟ್ಟಿತು. ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ, ಅಂಥ ಒಂದೆರಡು ಚೂರಿನ ಆಸುಪಾಸು! ನಾಲ್ಕು ವರ್ಷದ ಮೇಲೆ, ಇಂಥ ಮಿಂಚಿನ ಗಡಿಯಾರಗಳ ವಿದ್ಯೆಗಾಗಿ ಝೆವೈಲ್ ಅವರಿಗೆ ನೊಬೆಲ್.

7-ಅಝಾಇಂಡೋಲನ್ನು ಕಣ್ಣಾರೆ ನೋಡಬೇಕೇ? ಔಷಧಿ ಸಂಶೋಧನೆಯ ಲ್ಯಾಬುಗಳಿಗೆ ಇದು ಗ್ರಾಂ ಲೆಕ್ಕದಲ್ಲಿ ಹೋಗುತ್ತದೆ. ಪುಟ್ಟ ಸೀಸೆ, ಒಳಗೆ ಬಿಳಿಯ ಹರಳುಪುಡಿ, ಹೊರಗೆ ಒಂದು ಚೀಟಿ. ಚೀಟಿಯ ಮೇಲೆ ಒಂದು ಸಂಖ್ಯೆ: 271-63-6. ಅದು ಇದರ ಆಧಾರ್ ಸಂಖ್ಯೆ! ಬಿಬವೇವಾಡಿಯಲ್ಲಿ ಕೇಳಿ, ಬರ್ಲಿನ್ನಿನಲ್ಲಿ ಕೇಳಿ, ಈ ಸಂಖ್ಯೆ ಹೇಳಿದರೆ ಸಿಗುವುದು ಇದೇ ಅಣು, ಬೇರೆ ಯಾವುದೂ ಅಲ್ಲ.

ಒಂದು ಗ್ರಾಂನಲ್ಲಿ ಎಷ್ಟು ಅಣುಗಳಿವೆ? 5 ಬರೆಯಿರಿ. ಅದರ ಮುಂದೆ ಸೊನ್ನೆ ಹಾಕುತ್ತ ಹೋಗಿ. ಹತ್ತು ಸೊನ್ನೆ? ಸಾಲದು. ಹದಿನೈದು? ಸಾಲದು! 21 ಸೊನ್ನೆ!

ಆದರೆ ಒಂದು ಮಾತು. ಈ ಪುಡಿ ಮದ್ದಲ್ಲ. ಯಾವ ವೈದ್ಯರೂ ಇದನ್ನು ಬರೆದುಕೊಡುವುದಿಲ್ಲ. ಹಾಗಾದರೆ ಏನಿದು?

ದೋಸೆ ಹಿಟ್ಟು!

ನಮ್ಮ ಅಡುಗೆಮನೆಯಲ್ಲಿ ಹುದುಗಿದ ಹಿಟ್ಟು ಒಂದು ಪಾತ್ರೆ ಇದ್ದರೆ ಸಾಕು, ಕಾವಲಿಗೆ ಹುಯ್ದರೆ ದೋಸೆ, ಗುಳಿಗೆ ಹುಯ್ದರೆ ಪಡ್ಡು, ಈರುಳ್ಳಿ ಉದುರಿಸಿದರೆ ಉತ್ತಪ್ಪ. ಹಿಟ್ಟನ್ನು ಹಾಗೇ ಯಾರೂ ತಿನ್ನುವುದಿಲ್ಲ. ಆದರೆ ಹಿಟ್ಟಿಲ್ಲದೆ ಏನೂ ಇಲ್ಲ! ರಸಾಯನದವರು ಇದನ್ನೇ ಇಂಟರ್ಮೀಡಿಯೇಟ್ ಎನ್ನುತ್ತಾರೆ. ಕಚ್ಚಾ ಸರಕಿಗೂ ಮದ್ದಿಗೂ ನಡುವಿನದು.

ಈ ಹಿಟ್ಟಿಗೆ ಒಂದು ಕೊಕ್ಕೆ ಸಿಕ್ಕಿಸಿದರೆ ಇನ್ನೂ ಚೆನ್ನ. ಕೊಕ್ಕೆಯ ಹೆಸರು ಬ್ರೋಮಿನ್. ಐದನೇ ಜಾಗಕ್ಕೆ ಬ್ರೋಮಿನ್ ಸಿಕ್ಕಿಸಿದ ಅಣು 5-ಬ್ರೋಮೊ-7-ಅಝಾಇಂಡೋಲ್. ಕೊಕ್ಕೆ ಇದ್ದ ಕಡೆ ಬೇರೆ ಅಣುವಿನ ತುಂಡನ್ನು ಜೋಡಿಸಬಹುದು. ಜೋಡಣೆ ಆದೊಡನೆ ಕೊಕ್ಕೆ ತಾನೇ ಕಳಚಿಕೊಳ್ಳುತ್ತದೆ! ಈ ಜೋಡಿಸುವ ಕೈಚಳಕಕ್ಕೆ ಸುಜುಕಿ ಕ್ರಿಯೆ ಎಂದು ಹೆಸರು. ಜಪಾನಿನ ಅಕಿರಾ ಸುಜುಕಿ ಅವರಿಗೆ 2010ರಲ್ಲಿ ನೊಬೆಲ್ ಪಾಲು ಕೊಡಿಸಿದ ಕ್ರಿಯೆ.

ಈ ಕೊಕ್ಕೆಯ ಹಿಟ್ಟಿನಿಂದ ಏನು ಬೆಂದು ಬಂತು ಗೊತ್ತೇ? ಅದನ್ನು ಹೇಳಲೆಂದೇ ಇಷ್ಟು ದೂರ ಕರೆತಂದೆ!

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ಲೆಕ್ಸಿಕಾನ್ ಎಂಬ ಕಂಪನಿ ಇತ್ತು. ಅಲ್ಲಿಯ ವಿಜ್ಞಾನಿಗಳು ಮದ್ದಿನ ಬೀಜ ಹುಡುಕಲು 20,000 ಪುಟ್ಟ ಅಣುಗಳನ್ನು ಸಾಲಾಗಿ ನಿಲ್ಲಿಸಿದರು. ಕೈನೇಸ್ ಎಂಬ ಪ್ರೋಟೀನುಗಳ ಬೀಗಕ್ಕೆ ಒಂದೊಂದನ್ನೂ ಹಾಕಿ ನೋಡಿದರು. 20,000ದಲ್ಲಿ ಉಳಿದದ್ದು 238. ಅವನ್ನು ಪ್ರೋಟೀನಿನ ಜೊತೆ ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ನೋಡಿದಾಗ ಒಂದು ಹರಳಿನಲ್ಲಿ, ಬೀಗದ ಕಿಂಡಿಯೊಳಗೆ, ಎರಡೂ ಕೈಯಲ್ಲಿ ಪ್ರೋಟೀನನ್ನು ಹಿಡಿದು ಕೂತಿದ್ದವರು ಯಾರು?

ನಮ್ಮ 7-ಅಝಾಇಂಡೋಲ್!

ಅದೇ ಫುಗಡಿಯ ಕೈಗಳು! ಕೊಡುವ ಕೈ ಒಂದು, ಬೇಡುವ ಕೈ ಒಂದು!

ಆ ಬೀಜಕ್ಕೆ ತುಂಡು ತುಂಡಾಗಿ ಜೋಡಿಸುತ್ತ ಹೋದರು. ಗುರಿ ಬಿ-ರಾಫ್ ಎಂಬ ಪ್ರೋಟೀನ್. ಅದು 766 ಮಣಿಗಳ ಸರ. 600ನೇ ಮಣಿ ಒಂದು ತಪ್ಪಿದರೆ ಸಾಕು, ಜೀವಕೋಶ ಹದ ತಪ್ಪಿ ಬೆಳೆಯುತ್ತದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬಿ-ರಾಫ್ ಕೆಟ್ಟಿರುತ್ತದೆ, ಅದರಲ್ಲೂ ಬಹುಪಾಲು ಈ ಮಣಿಯದೇ ತಪ್ಪು. ಒಂದು ಮಣಿಯ ತಪ್ಪಿಗೆ ಒಂದು ಪರಮಾಣುವಿನ ಬದಲಾವಣೆಯಿಂದ ಹೊರಟ ಉತ್ತರ!

ಮದ್ದಿನ ಹೆಸರು ವೆಮುರಾಫೆನಿಬ್. ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿದ್ದು 2011ರ ಆಗಸ್ಟಿನಲ್ಲಿ. ಹೀಗೆ ಪುಟ್ಟ ತುಣುಕಿನಿಂದ ಬೆಳೆಸಿದ ಮದ್ದುಗಳಲ್ಲಿ ಮೊಟ್ಟಮೊದಲು ಪೇಟೆಗೆ ಬಂದದ್ದು ಇದೇ!

2016ರಲ್ಲಿ ರಕ್ತಕ್ಯಾನ್ಸರಿಗೆ ವೆನೆಟೊಕ್ಲಾಕ್ಸ್ ಬಂತು. ಅದರೊಳಗೆ ಇಣುಕಿ ನೋಡಿ. 7-ಅಝಾಇಂಡೋಲ್! 2019ರಲ್ಲಿ ಕೀಲುಗಳ ಒಂದು ಅಪರೂಪದ ಗೆಡ್ಡೆಗೆ ಪೆಕ್ಸಿಡಾರ್ಟಿನಿಬ್. ಅಲ್ಲೂ 7-ಅಝಾಇಂಡೋಲ್!

ನಾನು ಮತ್ತೆ ಮತ್ತೆ ಏಳು, ಏಳು ಎನ್ನುತ್ತಿದ್ದೇನೆ, ಗಮನಿಸಿದಿರಾ? ಆರು ಮೂಲೆಯ ಮನೆಯಲ್ಲಿ ಹೊಸ ಸಾರಜನಕ ಕೂರಬಹುದಾದ ಕುರ್ಚಿ ಎಷ್ಟು? ನಾಲ್ಕು! ನಾಲ್ಕು, ಐದು, ಆರು, ಏಳನೇ ಕುರ್ಚಿ. ಅದೇ 15 ಪರಮಾಣು, ಕುರ್ಚಿ ಮಾತ್ರ ಬೇರೆ. ಏಳರಲ್ಲಿ ಕೂತರೆ ಕ್ಯಾನ್ಸರಿನ ಮದ್ದುಗಳು. ಆರರಲ್ಲಿ ಕೂತರೆ?

ಎಚ್‌ಐವಿಯ ಮದ್ದು! 2020ರಲ್ಲಿ ಮಾನ್ಯತೆ ಪಡೆದ ಫೊಸ್ಟೆಮ್ಸಾವಿರ್ ಒಳಗಿನ ಉಂಗುರ 6-ಅಝಾಇಂಡೋಲ್. ಬೇರೆ ಮದ್ದುಗಳಿಗೆ ಬಗ್ಗದ ವೈರಸ್ಸಿಗೆ ಕೊಡುವುದು!

ಮತ್ತೆ ನಾಲ್ಕನೇ ಕುರ್ಚಿ?

ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಬಳ್ಳಾರಿ ರಸ್ತೆಯ ಹೆಬ್ಬಾಳಕ್ಕೆ!

ಮೊದಲು ಶತ್ರುವನ್ನು ನೋಡಿಬಿಡಿ. ಕ್ಷಯದ ರೋಗಾಣು. ರಾಬರ್ಟ್ ಕಾಕ್ ಅದನ್ನು ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಇಷ್ಟು ವರ್ಷದ ಮೇಲೂ 2023ರಲ್ಲಿ ಅದಕ್ಕೆ ಬಲಿಯಾದವರು ಜಗತ್ತಿನಲ್ಲಿ ಸುಮಾರು 12.5 ಲಕ್ಷ ಮಂದಿ. ಹೊಸ ರೋಗಿಗಳಲ್ಲಿ ನಾಲ್ವರಿಗೊಬ್ಬರು ನಮ್ಮ ದೇಶದವರು.

ಏಕೆ ಸಾಯದು ಅದು? ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ ಒಳ್ಳೆಯ ಊಟ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಕ್ಷಯದ ರೋಗಾಣುವಿಗೆ ಎಷ್ಟು ಹೊತ್ತು ಬೇಕು? 20 ಗಂಟೆಯ ಆಸುಪಾಸು! ಆಮೆ! ಜೊತೆಗೆ ಮೇಣ ಮೆತ್ತಿದ ಕೋಟೆಗೋಡೆ. ಅದಕ್ಕೇ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು.

ಆ ಕೋಟೆಗೆ ಇಟ್ಟಿಗೆ ಹೊರುವ ಒಬ್ಬ ಕೂಲಿ ಇದ್ದಾನೆ. ಡಿಪಿಆರ್‌ಇ-1 ಎಂಬ ಕಿಣ್ವ. ಗೋಡೆಗೆ ಬೇಕಾದ ಒಂದು ಬಗೆಯ ಸಕ್ಕರೆಯನ್ನು ಸಿದ್ಧ ಮಾಡಿಕೊಡುವುದು ಅವನ ಕೆಲಸ. ಅವನ ಕೈ ಕಟ್ಟಿದರೆ ಗೋಡೆ ಏಳದು. ಗೋಡೆ ಏಳದಿದ್ದರೆ ರೋಗಾಣು ಉಳಿಯದು!

ಹೆಬ್ಬಾಳದಲ್ಲಿದ್ದ, ಆಸ್ಟ್ರಾಜೆನೆಕಾ ಎಂಬ ಮದ್ದಿನ ಕಂಪನಿಯ ಸಂಶೋಧನಾ ಕೇಂದ್ರದ ತಂಡ ಬೇಟೆಗೆ ಇಳಿಯಿತು. ಅವರ ಕೈಯಲ್ಲಿ ಮೊದಲು ಇದ್ದದ್ದು ಇಮಿಡಜೊಪಿರಿಡಿನ್ ಎಂಬ ಬೇರೆ ಜೋಡಿ ಉಂಗುರ. ಅದರೊಳಗೆ ಏನಿದೆ ಎಣಿಸಿ. ಏಳು ಇಂಗಾಲ, ಆರು ಜಲಜನಕ, ಎರಡು ಸಾರಜನಕ. ಒಟ್ಟು 15. ಎಲ್ಲೋ ಕೇಳಿದ ಲೆಕ್ಕವಲ್ಲವೇ?

ಹೌದು! ಅಝಾಇಂಡೋಲಿನದೇ ಲೆಕ್ಕ! ಅವೇ ಪರಮಾಣುಗಳು, ಕೂತ ಜಾಗ ಮಾತ್ರ ಬೇರೆ! ರಸ ಎಂಬುದನ್ನು ತಿರುಗಿಸಿದರೆ ಸರ ಆಗುವುದಿಲ್ಲವೇ? ಹಾಗೆ! ಅಕ್ಷರ ಅವೇ, ಅರ್ಥ ಹೊಸದು. ಬೆಂಗಳೂರಿನ ತಂಡ ಉಂಗುರದ ಆಸನಗಳನ್ನು ಅದಲುಬದಲು ಮಾಡುತ್ತ ಬಂದು ನಿಂತದ್ದು 1,4-ಅಝಾಇಂಡೋಲಿನಲ್ಲಿ. ಎಂದರೆ ನಾಲ್ಕನೇ ಕುರ್ಚಿ! ಅದರ ಮೇಲೆ ಕಟ್ಟಿದ ಅಣುಗಳು ಆ ಇಟ್ಟಿಗೆ ಕೂಲಿಯ ಕೈ ಕಟ್ಟಿದವು. ಇಲಿಗಳಲ್ಲಿ ಕ್ಷಯ ತಗ್ಗಿತು. 2013ರಲ್ಲಿ ಸಂಶೋಧನೆ ಪ್ರಕಟವಾಯಿತು.

ಅಷ್ಟರಲ್ಲಿ 2014 ಬಂತು. ಕಂಪನಿ ಬೆಂಗಳೂರಿನ ಸಂಶೋಧನೆ ನಿಲ್ಲಿಸುವುದಾಗಿ ಹೇಳಿತು. ಆ ಅಣುಗಳ ಕಥೆ ಮುಗಿಯಿತೇ?

ಮುಗಿಯಲಿಲ್ಲ! ಅವುಗಳಲ್ಲೊಂದಕ್ಕೆ ಟಿಬಿಎ-7371 ಎಂಬ ಹೆಸರು ಬಂತು. ಟಿಬಿ ಅಲಯನ್ಸ್ ಎಂಬ ಸಂಸ್ಥೆ ಕೈ ಹಿಡಿಯಿತು. ನಮ್ಮ ಬೆಂಗಳೂರಿನದೇ ಆದ ಫೌಂಡೇಶನ್ ಫಾರ್ ನೆಗ್ಲೆಕ್ಟೆಡ್ ಡಿಸೀಸ್ ರಿಸರ್ಚ್ ಜೊತೆ ನಿಂತಿತು. ಗೇಟ್ಸ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಹೆಗಲು ಕೊಟ್ಟಿತು. ಆರೋಗ್ಯವಂತ ಸ್ವಯಂಸೇವಕರಲ್ಲಿ ಪರೀಕ್ಷೆ ಆಯಿತು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಕ್ಷಯ ರೋಗಿಗಳಲ್ಲೇ ಪರೀಕ್ಷೆ! ಹೆಬ್ಬಾಳದಲ್ಲಿ ಕಾಗದದ ಮೇಲೆ ಬಿಡಿಸಿದ ಎರಡು ಉಂಗುರಗಳು ಸಮುದ್ರ ದಾಟಿ ಮನುಷ್ಯರ ಎದೆಗೂಡಿನೊಳಗೆ ರೋಗಾಣುವಿನ ಮುಂದೆ ಹೋಗಿ ನಿಂತವು!

ನೆನೆಸಿಕೊಳ್ಳಿ. ಭಾರತದ ಹೆಸರು ಹೊತ್ತ ಉಂಗುರ. ಭಾರತವನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ರೋಗಗಳಲ್ಲೊಂದು. ಅವೆರಡನ್ನೂ ಎದುರುಬದುರು ನಿಲ್ಲಿಸಿದ್ದು ಕರ್ನಾಟಕದ ನೆಲ! ಆ ಅಣು ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ಮದ್ದಿನ ದಾರಿ ಉದ್ದ. ಆದರೂ ನನಗೆ ರೋಮಾಂಚನ ತಡೆಯಲಾಗುತ್ತಿಲ್ಲ!

ಬಿಬವೇವಾಡಿಯಲ್ಲಿ ಈಗ ದೀಪ ಹೊತ್ತುವ ಹೊತ್ತು. ಕೈಯಲ್ಲಿ ಮಲ್ಲಿಗೆ ಅರಳುತ್ತಿದೆ, ಘಮ ಏರುತ್ತಿದೆ. ಬೆಳಿಗ್ಗೆ ಇದು ನನಗೆ ಹೂವಷ್ಟೇ ಆಗಿತ್ತು. ಈಗ ಮೂಸಿದರೆ ಆರು ಮೂಲೆಯ ಮನೆ ಕಾಣುತ್ತದೆ, ಐದು ಮೂಲೆಯ ಮನೆ ಕಾಣುತ್ತದೆ, ನಾಲ್ಕು ಕುರ್ಚಿ ಕಾಣುತ್ತವೆ!

ನಾಲ್ಕನೆಯದು ಕ್ಷಯದ ಎದುರು ನಿಂತಿತು. ಆರನೆಯದು ಎಚ್‌ಐವಿಯ ಎದುರು. ಏಳನೆಯದು ಕ್ಯಾನ್ಸರಿನ ಎದುರು.

ಒಂದನ್ನು ಬಿಟ್ಟೆ, ಗಮನಿಸಿದಿರಾ? ಐದನೇ ಕುರ್ಚಿ! ಅದರ ಪುಡಿಯೂ ಸೀಸೆಗಳಲ್ಲಿದೆ, ಅದರ ಮೇಲೂ ಲ್ಯಾಬುಗಳಲ್ಲಿ ಕೆಲಸ ನಡೆದಿದೆ. ಅದು ಯಾವ ರೋಗದ ಎದುರು ಹೋಗಿ ನಿಂತೀತು?

ಹೇಳಿ, ನಿಮ್ಮ ಊಹೆ ಏನು?